ಉದ್ದಣ್ಣನ ದುಡ್ಡು

ಉದ್ದಣ್ಣ ಮನೆಯ ಮೂವರು ಮಕ್ಕಳಲ್ಲಿ ಕೊನೆಯವನು. ಆದರೂ ಮೀಸೆ ಚಿಗುರುವ ಹೊತ್ತಿಗೆ ಬಾಗಿಲ ಚೌಕಟ್ಟಿಗೆ ಹಣೆ ಬಡಿಸಿಕೊಳ್ಳುವಷ್ಟು ಬೆಳೆದಿದ್ದರಿಂದ, ಸೊಂಟದ ಮೇಲೆ ಹೊತ್ತು ಸಾಕಿದ ಅಕ್ಕಂದಿರಿಬ್ಬರೂ ಅವನನ್ನು ತಮಾಷೆಗೆ ಅಣ್ಣ ಎಂದರು. ಆ ಹೆಸರೇ ನಿಂತುಬಿಟ್ಟಿತು. ಕಾಲುವೆಯ ದಂಡೆಯಲ್ಲಿದ್ದ ವರ್ಕ್‌ಶಾಪಿನಲ್ಲಿ ಅವನು ಪಂಪುಗಳನ್ನೂ ದೋಣಿಗಳ ಎಂಜಿನ್ನುಗಳನ್ನೂ ರಿಪೇರಿ ಮಾಡುತ್ತಿದ್ದ. ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತಿದ್ದಾಗ ಎದುರು ದಂಡೆಯಿಂದ ಕಿರುಚಾಟ ಕೇಳಿಸಿತು. ಹಣ್ಣು ಪ್ಯಾಕ್ ಮಾಡುವ ಶೆಡ್ಡಿನ ಹಿಂದೆ, ಆಗತಾನೇ ನಡೆಯಲು ಕಲಿತ ಮಗುವೊಂದು ನೀರಿಗೆ ಬಿದ್ದಿತ್ತು. ಉದ್ದಣ್ಣ ಬೂಟನ್ನೂ ಕಳಚದೆ ಧುಮುಕಿದ. ಮಗುವನ್ನು ಹಿಡಿದು, ತಲೆಯ ಮೇಲಕ್ಕೆ ಎತ್ತಿ, ದಂಡೆಯಲ್ಲಿದ್ದವರ ಕೈಗೆ ಕೊಟ್ಟ. ತಾನು ಮಾತ್ರ ಮೇಲೆ ಬರಲಿಲ್ಲ. ತೂಬಿನ ಹತ್ತಿರದ ಸೆಳೆತ ಅವನನ್ನು ಒಳಕ್ಕೆ ಎಳೆದುಕೊಂಡಿತ್ತು.

ಮಗು ಬದುಕಿತು.

ವರ್ಕ್‌ಶಾಪಿನವರು ಕೆಲಸಗಾರರಿಗೆಲ್ಲ ವಿಮೆ ಮಾಡಿಸಿದ್ದರು. ಆ ಹಣ ಅಕ್ಕಂದಿರಿಬ್ಬರ ಹೆಸರಿಗೆ ಬಂತು. ಬಂದ ದಿನ ದೊಡ್ಡಕ್ಕ ಬ್ಯಾಂಕಿನ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಈ ದುಡ್ಡಲ್ಲಿ ಒಂದು ಲೋಟ ಟೀ ಕುಡಿದ್ರೂ ಗಂಟಲಲ್ಲಿ ಇಳಿಯಲ್ಲ ಕಣೇ," ಎಂದಳು.

"ಇಳಿಯಲ್ಲ," ಎಂದಳು ಚಿಕ್ಕಕ್ಕ.

ಹಾಗಾಗಿ ಒಂದು ವರ್ಷಕ್ಕೂ ಮೇಲೆ ಆ ಹಣವನ್ನು ಯಾರೂ ಮುಟ್ಟಲಿಲ್ಲ. ಕೊನೆಗೆ, ಯಾವುದಾದರೂ ಒಳ್ಳೆಯ ಸಂಸ್ಥೆಗೆ ಕೊಟ್ಟುಬಿಡೋಣ ಎಂದು ಇಬ್ಬರೂ ಮಾತಾಡಿಕೊಂಡರು. ಕೊಡಬೇಕು ಅನ್ನುವುದರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಯಾರಿಗೆ ಅನ್ನುವುದರಲ್ಲಿ ಶುರುವಾಯಿತು.

ಅವರಿಬ್ಬರ ಸ್ವಭಾವವೇ ಹಾಗಿತ್ತು. ದೊಡ್ಡಕ್ಕ ಲಾಂಡ್ರಿ ನಡೆಸುತ್ತಿದ್ದಳು. ಹೋಟೆಲ್ಲುಗಳ ಚಾದರ, ಆಸ್ಪತ್ರೆಯ ಕೋಟು, ಮದುಮಗನ ಸೂಟು ಎಲ್ಲವೂ ಅವಳ ಹಬೆ ಇಸ್ತ್ರಿಯ ಕೆಳಗೆ ಹಾದುಹೋಗುತ್ತಿದ್ದವು. ಅಂಗಿಯ ಕಾಲರು ನೋಡಿ ಅದರ ಒಡೆಯನಿಗೆ ಮನೆಯಲ್ಲಿ ನೆಮ್ಮದಿಯಿದೆಯೋ ಇಲ್ಲವೋ ಹೇಳಬಲ್ಲೆ ಎಂಬ ಜಂಬ ಬೇರೆ. ಕೋಪ ಮೂಗಿನ ತುದಿಯಲ್ಲಿ, ಕಣ್ಣೀರು ರೆಪ್ಪೆಯ ತುದಿಯಲ್ಲಿ. ಚಿಕ್ಕಕ್ಕ ನಗರದ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿದ್ದಳು. ಬೀದಿ ಬೀದಿಯ ನಲ್ಲಿಯಿಂದ ಸೀಸೆಯಲ್ಲಿ ನೀರು ತುಂಬಿ ತರುವುದು, ಕಣ್ಣಿಗೆ ತಿಳಿಯಾಗಿ ಕಂಡದ್ದರಲ್ಲೂ ಏನು ಅಡಗಿದೆಯೆಂದು ಹುಡುಕುವುದು ಅವಳ ಕೆಲಸ. "ಇವಳು ಗಂಡನ್ನ ಒಪ್ಪಿಕೊಳ್ಳೋ ಮೊದಲು ಅವನ ಸ್ಯಾಂಪಲ್ಲೂ ತೆಗೆದು ಟೆಸ್ಟ್ ಮಾಡಿರ್ತಾಳೆ," ಎಂದು ದೊಡ್ಡಕ್ಕ ಬಂದವರ ಮುಂದೆಲ್ಲ ನಗುತ್ತಿದ್ದಳು.

ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವನಿಗೆ ಹೊಟ್ಟೆಯಲ್ಲಿ ಮಾತು ನಿಲ್ಲುತ್ತಿರಲಿಲ್ಲ. ಅಕ್ಕಂದಿರು ದಾನ ಮಾಡಲಿದ್ದಾರೆಂಬ ಸುದ್ದಿ ಅವನ ಬಾಯಿಂದ ಬೀದಿಗೆ ಬಿತ್ತು. ಜನ ಬರತೊಡಗಿದರು. ವೃದ್ಧಾಶ್ರಮದವರು ನುಣುಪು ಕಾಗದದ ಕ್ಯಾಲೆಂಡರು ತಂದರು. ಅದರಲ್ಲಿ ಅಜ್ಜ ಅಜ್ಜಿಯರಿಗಿಂತ ಅಧ್ಯಕ್ಷರ ಫೋಟೋಗಳೇ ಜಾಸ್ತಿ ಇದ್ದವು. ಇನ್ನೊಬ್ಬರು ಶಾಲೆಗೆ ಕಂಪ್ಯೂಟರ್ ಕೊಡುವವರು. ಹೋದ ವರ್ಷ ಕೊಟ್ಟ ಕಂಪ್ಯೂಟರುಗಳನ್ನು ನೋಡಬಹುದೇ ಎಂದು ಚಿಕ್ಕಕ್ಕ ಕೇಳಿದಳು. ಕರೆದುಕೊಂಡು ಹೋದರೆ ಅವು ಬೀಗ ಹಾಕಿದ ಕೋಣೆಯಲ್ಲಿ ಇನ್ನೂ ಪೆಟ್ಟಿಗೆ ಬಿಚ್ಚದೆ ಕೂತಿದ್ದವು. ಆ ಶಾಲೆಯಲ್ಲಿ ಕಲಿಸುವವರೇ ಇರಲಿಲ್ಲ. ಕಂಪ್ಯೂಟರ್ ಕೊಟ್ಟವರು ಕೆಟ್ಟವರೇನಲ್ಲ. ಆ ಕೋಣೆಗೆ ಮತ್ತೆ ಯಾರೂ ಹೋಗಿ ನೋಡಿರಲಿಲ್ಲ, ಅಷ್ಟೆ.

ದೊಡ್ಡಕ್ಕನಿಗೆ ಈ ಅಲೆದಾಟವೇ ಬೇಡವಾಗಿತ್ತು. ಅವಳ ಮನಸ್ಸಿನಲ್ಲಿ ಎಂದೋ ನಿಶ್ಚಯವಾಗಿತ್ತು. ಊರಿನಲ್ಲಿ ನೀರಿಗೆ ಬಿದ್ದವರನ್ನು ಎತ್ತುವ ಸ್ವಯಂಸೇವಕರ ದಳವೊಂದಿತ್ತು. ಅದರ ಮುಖ್ಯಸ್ಥನನ್ನು ಎಲ್ಲರೂ ಕ್ಯಾಪ್ಟನ್ ಎನ್ನುತ್ತಿದ್ದರು. ಉದ್ದಣ್ಣನನ್ನು ತೂಬಿನಿಂದ ಬಿಡಿಸಿ ಮೇಲೆ ತಂದವನು ಅವನೇ. ತನ್ನ ಕೋಟು ಬಿಚ್ಚಿ ಹೊದಿಸಿ, ಗಾಡಿ ಬರುವವರೆಗೂ ಒದ್ದೆ ಮೈಯಲ್ಲಿ ಅಕ್ಕಂದಿರ ಪಕ್ಕ ನಿಂತಿದ್ದ. ದೊಡ್ಡಕ್ಕನಿಗೆ ಆ ದಿನದ ಉಳಿದದ್ದೆಲ್ಲ ಮಸುಕು. ಆ ಮನುಷ್ಯ ನಿಂತಿದ್ದುದು ಮಾತ್ರ ಕಣ್ಣಿಗೆ ಕಟ್ಟಿದಂತಿತ್ತು.

ಇಬ್ಬರೂ ದಳದ ಶೆಡ್ಡಿಗೆ ಹೋದರು. ತಳಕ್ಕೆ ತೇಪೆ ಹಾಕಿದ ಹಳೆಯ ದೋಣಿಯೊಂದು ಗಾಲಿಗಳ ಮೇಲೆ ನಿಂತಿತ್ತು. ಗೋಡೆಗೆ ಹಗ್ಗ, ಕೊಕ್ಕೆ, ಬಣ್ಣ ಹೋದ ಜಾಕೆಟ್ಟುಗಳು.

"ಹೊಸ ದೋಣಿ ಬಂದ್ರೆ ಒಂದು ಬದಿಗೆ ನಿಮ್ಮ ತಮ್ಮನ ಹೆಸರು ಬರೆಸ್ತೀವಿ," ಎಂದ ಕ್ಯಾಪ್ಟನ್.

ದೊಡ್ಡಕ್ಕ ಆಗಲೇ ಕಣ್ಣೊರೆಸಿಕೊಳ್ಳುತ್ತಿದ್ದಳು. ಚಿಕ್ಕಕ್ಕ ಕೇಳಿದಳು: "ಫೋನ್ ಬಂದ್ಮೇಲೆ ನೀವು ಜಾಗ ಸೇರೋಕೆ ಎಷ್ಟು ಹೊತ್ತಾಗುತ್ತೆ?"

"ರಸ್ತೆ ಖಾಲಿ ಇದ್ರೆ ಬೇಗ. ಇಲ್ಲದಿದ್ರೆ ಹೇಳೋಕಾಗಲ್ಲ."

"ಹೋದ ವರ್ಷ ಎಷ್ಟು ಜನ ಜೀವಂತ ಸಿಕ್ಕಿದ್ರು?"

ಕ್ಯಾಪ್ಟನ್ ಹಗ್ಗವೊಂದನ್ನು ಸುಮ್ಮನೆ ಸುತ್ತತೊಡಗಿದ. "ತುಂಬ ಕಡಿಮೆ ಅಮ್ಮ. ಉಳಿದವರನ್ನ ಮನೆಯವರಿಗೆ ತಲುಪಿಸಿದ್ವಿ. ಅದೂ ಬೇಕಲ್ವಾ?"

"ಬೇಕು," ಎಂದಳು ಚಿಕ್ಕಕ್ಕ ಮೆಲ್ಲಗೆ.

ಹೊರಗೆ ರಸ್ತೆಗೆ ಕಾಲಿಟ್ಟದ್ದೇ ತಡ, ದೊಡ್ಡಕ್ಕ ಉರಿದುಬಿದ್ದಳು. "ನಮ್ಮ ಹುಡುಗನ್ನ ಕೈಯಲ್ಲಿ ಎತ್ತಿ ತಂದವನು ಅವನು. ಅಂಥವನನ್ನ ನಿಲ್ಲಿಸಿಕೊಂಡು ಪರೀಕ್ಷೆ ಮಾಡ್ತೀಯಲ್ಲ, ನಿನಗೆ ಎದೆಯೊಳಗೆ ಇರೋದೇನು, ಸೀಸೆನಾ?"

"ಅವರು ಒಳ್ಳೆಯವರಲ್ಲ ಅಂದ್ನಾ ಅಕ್ಕ? ಅವತ್ತು ಇವರ ಹತ್ರ ಹೊಸ ದೋಣಿ ಇದ್ದಿದ್ರೆ ಅವನು ಉಳೀತಿದ್ನಾ? ಅದೊಂದೇ ನನಗೆ ಬೇಕಾಗಿರೋದು."

"ಅವನ ಹೆಸರಾದ್ರೂ ಉಳಿಯುತ್ತೆ!"

"ಹೆಸರು ಉಳಿಯೋಕೆ ಕೊಡ್ತಿದ್ದೀವಾ, ಮಕ್ಕಳು ಉಳಿಯೋಕೆ ಕೊಡ್ತಿದ್ದೀವಾ?"

ಅಂದಮೇಲೆ ಅನ್ನಬಾರದಿತ್ತು ಎಂದು ಚಿಕ್ಕಕ್ಕನಿಗೆ ಅನಿಸಿತು. ಆದರೂ ಮುಂದುವರಿಸಿದಳು. "ಅವತ್ತು ಏನಾಯ್ತು ಅಂತ ನಮಗೆ ಸರಿಯಾಗಿ ಗೊತ್ತೇ ಇಲ್ಲ. ಆ ಮಗುವಿನ ತಾಯಿನ ಒಂದ್ಸಲ ಕೇಳೋಣ."

"ಅವಳ ಸುದ್ದಿ ಎತ್ತಬೇಡ," ಎಂದಳು ದೊಡ್ಡಕ್ಕ. "ಅವಳು ಹೆತ್ತ ಮಗುನ ಅವಳು ಕಣ್ಣಿಟ್ಟು ನೋಡ್ಕೊಂಡಿದ್ರೆ ನಮ್ಮ ಮನೆ ಮಗು ಯಾಕೆ ಹೋಗ್ತಿತ್ತು?"

ಆಮೇಲೆ ಕೆಲವು ದಿನ ಇಬ್ಬರ ಮಧ್ಯೆ ಮಾತಿಲ್ಲ. ಹೇಳಬೇಕಾದದ್ದೇನಾದರೂ ಇದ್ದರೆ ಇಸ್ತ್ರಿಯವನ ಮೂಲಕ. ಅವನೋ ಒಂದಕ್ಕೆ ಎರಡು ಸೇರಿಸಿ ಹೇಳುವವನು. "ಕೊಡೆ ಇಲ್ಲೇ ಬಿಟ್ಟು ಹೋಗಿದ್ದಾಳೆ" ಅನ್ನುವ ಮಾತು ಅವನ ಬಾಯಲ್ಲಿ "ಇನ್ನು ಮೇಲೆ ಕೊಡೆ ಇಡೋಕೂ ಈ ಅಂಗಡಿಯಲ್ಲಿ ಜಾಗ ಇಲ್ಲವಂತೆ" ಎಂದಾಯಿತು. ಅದನ್ನು ಕೇಳಿ ಚಿಕ್ಕಕ್ಕನಿಗೆ ಸಿಟ್ಟು ಬರುವ ಬದಲು ನಗು ಬಂತು. ಮಾರನೆಯ ದಿನ ಆಫೀಸಿಗೆ ರಜೆ ಹಾಕಿ ನೇರ ಲಾಂಡ್ರಿಗೆ ಬಂದಳು.

"ಅಕ್ಕ, ಆ ಮಗುವಿನ ತಾಯಿ ಕೆಲಸ ಮಾಡೋ ಹಣ್ಣಿನ ಶೆಡ್ಡಿಗೆ ಹೋಗ್ತಿದ್ದೀನಿ. ಬಂದ್ರೆ ಬಾ."

ದೊಡ್ಡಕ್ಕ ತಲೆ ಎತ್ತಲಿಲ್ಲ. ಚಾದರದ ಮೇಲೆ ಬುಸ್ಸೆಂದು ಹಬೆ ಬಿಟ್ಟಳು. ಚಿಕ್ಕಕ್ಕ ಬೀದಿಯ ತಿರುವು ಮುಟ್ಟುವಷ್ಟರಲ್ಲಿ ಹಿಂದಿನಿಂದ ಚಪ್ಪಲಿಯ ಸದ್ದು ಕೇಳಿಸಿತು.

"ನಾನು ಅವಳ ಜೊತೆ ಮಾತಾಡಲ್ಲ," ಎಂದಳು ದೊಡ್ಡಕ್ಕ ಏದುಸಿರು ಬಿಡುತ್ತ. "ನೀನೊಬ್ಬಳೇ ಹೋಗಬೇಕಲ್ಲ ಅಂತ ಬಂದೆ."

ಶೆಡ್ಡಿನಲ್ಲಿ ಉದ್ದಕ್ಕೆ ಹರಿಯುವ ಬೆಲ್ಟಿನ ಎರಡೂ ಬದಿಗೆ ಹೆಂಗಸರು ನಿಂತಿದ್ದರು. ಹಣ್ಣು ಬರುತ್ತಿತ್ತು, ಕೈಗಳು ಆರಿಸುತ್ತಿದ್ದವು, ಪೆಟ್ಟು ತಿಂದದ್ದು ಈ ಬುಟ್ಟಿಗೆ, ಒಳ್ಳೆಯದು ಆ ಪೆಟ್ಟಿಗೆಗೆ. ಯಾರೂ ತಲೆ ಎತ್ತುತ್ತಿರಲಿಲ್ಲ. ಹಿಂದಿನ ಬಾಗಿಲ ಬಳಿ ಖಾಲಿ ಕ್ರೇಟಿನೊಳಗೆ ಒಂದು ಮಗು ಕೂತಿತ್ತು. ಇನ್ನೊಂದರ ಸೊಂಟಕ್ಕೆ ಬಟ್ಟೆ ಬಿಗಿದು ಕಂಬಕ್ಕೆ ಕಟ್ಟಿದ್ದರು. ಅದು ಕಟ್ಟಿದಷ್ಟು ದೂರ ಹೋಗಿ, ಮುಗ್ಗರಿಸಿ, ಮತ್ತೆ ಎದ್ದು ಹೋಗುತ್ತಿತ್ತು.

ಆ ತಾಯಿ ಅವರು ಎಣಿಸಿದ್ದಕ್ಕಿಂತ ಚಿಕ್ಕ ವಯಸ್ಸಿನವಳು. ದೊಡ್ಡಕ್ಕನನ್ನು ಕಂಡವಳೇ ಗುರುತು ಹಿಡಿದಳು. ಕೈಯಲ್ಲಿದ್ದ ಹಣ್ಣನ್ನು ಎಲ್ಲಿ ಇಡಬೇಕೆಂದು ತಿಳಿಯದೆ ನಿಂತಳು. ಮೇಸ್ತ್ರಿ ಗದರಿದ. ಟೀ ಬಿಡುವಿನವರೆಗೂ ಅಕ್ಕಂದಿರು ಗೋಡೆಗೆ ಒರಗಿ ಕಾದರು.

ಬಿಡುವಾದ ಕೂಡಲೇ ಅವಳು ಬಂದಳು. "ನಾನೇ ಬರಬೇಕಿತ್ತು," ಎಂದಳು. "ನಿಮ್ಮ ಅಂಗಡಿ ಬಾಗಿಲವರೆಗೂ ಬಂದು ಬಂದು ವಾಪಸ್ ಹೋಗಿದ್ದೀನಿ. ಒಳಗೆ ಕಾಲಿಡೋ ಧೈರ್ಯ ಆಗಲಿಲ್ಲ."

ಮಾತಾಡುವುದಿಲ್ಲ ಎಂದಿದ್ದ ದೊಡ್ಡಕ್ಕನ ಬಾಯಿಂದ ಮೊದಲ ಮಾತು ಹೊರಟಿತು. "ಮಗು ಕಡೆ ಒಂದು ಕಣ್ಣು ಇಡೋಕಾಗಲಿಲ್ವಾ ನಿನಗೆ?"

ಆ ಹುಡುಗಿ "ಬನ್ನಿ," ಎಂದು ದೊಡ್ಡಕ್ಕನನ್ನು ಬೆಲ್ಟಿನ ಪಕ್ಕ ತಾನು ದಿನವೂ ನಿಲ್ಲುವ ಜಾಗದಲ್ಲಿ ನಿಲ್ಲಿಸಿದಳು. ಅಲ್ಲಿಂದ ಕಂಬವೂ ಕಾಣುತ್ತಿರಲಿಲ್ಲ, ಬಾಗಿಲೂ ಕಾಣುತ್ತಿರಲಿಲ್ಲ. ಮುಂದೆ ಬೆಲ್ಟು, ಹಿಂದೆ ತಲೆಯ ಎತ್ತರಕ್ಕೆ ಜೋಡಿಸಿದ ಪೆಟ್ಟಿಗೆಗಳು.

"ಗಟ್ಟಿಯಾಗೇ ಕಟ್ಟಿದ್ದೆ," ಎಂದಳು. "ಗಂಟು ಬಿಚ್ಚೋಕೆ ಮಗಳ ಬೆರಳು ಅವತ್ತೇ ಕಲೀತು. ಯಾರೋ ಕೂಗಿದಾಗ ನಾನು ಓಡಿದೆ. ಅಷ್ಟರಲ್ಲಿ ನಿಮ್ಮ ತಮ್ಮ ಅವಳನ್ನ ಮೇಲೆ ಎತ್ತಿ ಹಿಡಿದಿದ್ರು. ನಾನೇ ಕೈ ಚಾಚಿ ತಗೊಂಡೆ. ಅವರ ಮುಖ ನೋಡಿದ್ದೀನಿ ನಾನು. ನಗ್ತಿದ್ರು."

ದೊಡ್ಡಕ್ಕನಿಗೆ ಇದು ಗೊತ್ತಿರಲಿಲ್ಲ. ಇದುವರೆಗೆ ಯಾರೂ ಹೇಳಿರಲಿಲ್ಲ. ಅವಳು ಬೆಲ್ಟಿನ ಅಂಚು ಹಿಡಿದುಕೊಂಡಳು. ಅವ್ವ ಮನೆಮನೆಯ ಬಟ್ಟೆ ಒಗೆಯುತ್ತಿದ್ದ ಕಾಲದಲ್ಲಿ, ಕೈಕೂಸಾಗಿದ್ದ ಉದ್ದಣ್ಣನನ್ನು ತಾನು ಬಟ್ಟೆಯ ಬುಟ್ಟಿಯಲ್ಲಿ ಕೂರಿಸಿ ಆಟಕ್ಕೆ ಓಡುತ್ತಿದ್ದುದು ನೆನಪಾಯಿತು. ಆ ಬುಟ್ಟಿಯ ಪಕ್ಕದಲ್ಲಿ ಕಾಲುವೆ ಇರಲಿಲ್ಲ, ಅಷ್ಟೇ ವ್ಯತ್ಯಾಸ. ಅವಳು ಆ ಹುಡುಗಿಯ ತಲೆ ಹಿಡಿದು ತನ್ನ ಹೆಗಲಿಗೆ ಒತ್ತಿಕೊಂಡಳು. ಇಬ್ಬರೂ ಅತ್ತರು. ಮೇಸ್ತ್ರಿ ಏನೋ ಹೇಳಲು ಬಂದವನು ಚಿಕ್ಕಕ್ಕನ ಮುಖ ನೋಡಿ ಹಿಂದೆ ಸರಿದ.

"ಈಗ ಮಗು ಎಲ್ಲಿ?" ಎಂದು ಚಿಕ್ಕಕ್ಕ ಕೇಳಿದಳು.

"ಹಗಲುಮನೆಯಲ್ಲಿ. ಹಗಲೆಲ್ಲ ಮಕ್ಕಳನ್ನ ನೋಡ್ಕೊಳ್ತಾರೆ. ಅಲ್ಲಿ ಜಾಗ ಸಿಕ್ಕಿದ್ದು ನನ್ನ ಪುಣ್ಯ. ಇವರಿಗೆಲ್ಲ ಸಿಗಲಿಲ್ಲ," ಎಂದು ಅವಳು ಕಂಬವಿದ್ದ ಕಡೆ ಕೈ ತೋರಿಸಿದಳು.

ಹಗಲುಮನೆ ಟೈರ್ ಅಂಗಡಿಯ ಹಿಂದಿನ ಬಾಡಿಗೆ ಮನೆ. ಗೇಟಿಗೆ ಮೇಲೊಂದು ಕೆಳಗೊಂದು ಚಿಲಕ. ಒಳಗೆ ಗೋಡೆಗುಂಟ ಪುಟ್ಟ ಪುಟ್ಟ ಚಪ್ಪಲಿಗಳು, ಚಾಪೆಯ ಮೇಲೆ ಅಡ್ಡಾದಿಡ್ಡಿ ಮಲಗಿದ ಮಕ್ಕಳು, ಮಲಗಲೊಲ್ಲದೆ ಒಬ್ಬರನ್ನೊಬ್ಬರು ಚಿವುಟುವ ಮಕ್ಕಳು. ನಿವೃತ್ತ ನರ್ಸ್ ಒಬ್ಬರು ಇದನ್ನು ನಡೆಸುತ್ತಿದ್ದರು. ಮಕ್ಕಳಿಗೂ ತಾಯಂದಿರಿಗೂ ಅವರು ದೊಡ್ಡಮ್ಮ. ಸೊಂಟದ ಮೇಲೊಂದು ಕೂಸು, ಮೂಗಿನ ಮೇಲೆ ಜಾರುವ ದಪ್ಪ ಕನ್ನಡಕ.

ಚಿಕ್ಕಕ್ಕ ಬಂದ ವಿಷಯ ಹೇಳಿದಳು. "ದುಡ್ಡು ಕೊಟ್ರೆ ಏನು ಮಾಡ್ತೀರಿ?"

"ಸಂಬಳ ಕೊಡ್ತೀನಿ," ಎಂದರು ದೊಡ್ಡಮ್ಮ. "ಬೇಜಾರಾಯ್ತಾ? ಎಲ್ಲರಿಗೂ ಆಗುತ್ತೆ. ಆಟದ ಸಾಮಾನು ಕೊಡೋರು ಸಾಲುಗಟ್ಟಿ ಬರ್ತಾರೆ. ಆ ಕೋಣೆ ತುಂಬ ಕರಡಿ ಗೊಂಬೆಗಳೇ ಇವೆ, ನೋಡಿ ಬೇಕಾದ್ರೆ. ಮಕ್ಕಳನ್ನ ನೋಡ್ಕೊಳ್ಳೋರ ಸಂಬಳಕ್ಕೆ ಕೇಳಿದ್ರೆ ಮಾತ್ರ ಎಲ್ಲರಿಗೂ ಬಸ್ಸಿಗೆ ಹೊತ್ತಾಗುತ್ತೆ."

ದೊಡ್ಡಕ್ಕನಿಗೆ ನಗು ತಡೆಯಲಾಗಲಿಲ್ಲ.

"ಇಲ್ಲೀವರೆಗೆ ನೀವು ಮಾಡಿದ್ದರಲ್ಲಿ ಕೆಟ್ಟಿದ್ದು ಯಾವುದು?" ಎಂದು ಚಿಕ್ಕಕ್ಕ ಕೇಳಿದಳು. ಉಳಿದವರನ್ನೂ ಅವಳು ಈ ಮಾತು ಕೇಳಿದ್ದಳು. ಕೆಲವರು ಮುನಿಸಿಕೊಂಡಿದ್ದರು, ಹೆಚ್ಚಿನವರು ಅಂಥದ್ದೇನೂ ಇಲ್ಲ ಎಂದಿದ್ದರು.

ದೊಡ್ಡಮ್ಮ ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ಕೂತರು. "ಇಟ್ಟಿಗೆ ಗೂಡಿನ ಹತ್ರ ಇಂಥದ್ದೇ ಒಂದು ಮನೆ ತೆಗೆದ್ವಿ. ಅಮ್ಮಂದಿರು ಕೆಲಸಕ್ಕೆ ಹೋಗೋದು ಬೆಳಕು ಹರಿಯೋ ಮೊದಲು. ನಾವು ಬಾಗಿಲು ತೆಗೀತಿದ್ದಿದ್ದು ನಮ್ಮ ತಿಂಡಿ ಕಾಫಿ ಎಲ್ಲ ಆದ್ಮೇಲೆ. ಯಾರೂ ಬರಲಿಲ್ಲ. ಜನಕ್ಕೆ ತಿಳಿವಳಿಕೆ ಇಲ್ಲ ಅಂತ ಅವರನ್ನೇ ಬೈಕೊಂಡು ಮುಚ್ಚಿದ್ವಿ. ತಿಳಿವಳಿಕೆ ಇಲ್ಲದಿದ್ದಿದ್ದು ನಮಗೆ. ಆಮೇಲೆ ಇಲ್ಲಿ ಒಂದು ಮಗುವಿನ ಕೈ ಬಾಗಿಲಿಗೆ ಸಿಕ್ಕಿ ಮುರೀತು."

"ನೀರಿಗೆ ಬಿದ್ದಿದ್ದು?" ಎಂದಳು ಚಿಕ್ಕಕ್ಕ.

"ನಮ್ಮ ಹತ್ರ ಇರೋ ಹೊತ್ತಲ್ಲಿ ಯಾವ ಮಗುನೂ ನೀರಿಗೆ ಬಿದ್ದಿಲ್ಲ." ದೊಡ್ಡಮ್ಮ ಜಾರಿದ ಕನ್ನಡಕ ಏರಿಸಿಕೊಂಡು ಹೇಳಿದರು: "ಆದ್ರೆ ಭಾನುವಾರ ನಾವು ಬಾಗಿಲು ಹಾಕ್ತೀವಿ. ಶೆಡ್ಡುಗಳು ಹಾಕಲ್ಲ. ನಮ್ಮಲ್ಲಿಗೆ ಬರ್ತಿದ್ದ ಒಬ್ಬ ಹುಡುಗ ಒಂದು ಭಾನುವಾರ ಕಾಲುವೆ ಪಾಲಾದ. ಭಾನುವಾರ ತೆಗೆಯೋಕೆ ನಮಗೆ ಜನ ಸಾಲದು."

ಅಷ್ಟರಲ್ಲಿ ಚಾಪೆಯಿಂದ ಎದ್ದು ಬಂದ ಹುಡುಗಿಯೊಬ್ಬಳು ದೊಡ್ಡಕ್ಕನ ಮುಂದೆ ನಿಂತು ದುರುಗುಟ್ಟಿ ನೋಡಿದಳು.

"ನೀನು ಯಾರು?"

ಇವಳೇ ಆ ಮಗು ಎಂದು ದೊಡ್ಡಮ್ಮ ಕಣ್ಣಲ್ಲೇ ಹೇಳಿದರು. ದೊಡ್ಡಕ್ಕ ಅವಳ ಮುಂದೆ ನೆಲದ ಮೇಲೆ ಕೂತಳು. "ನಾನಾ? ಬಟ್ಟೆ ಒಗೆಯೋಳು."

ಹುಡುಗಿ ತನ್ನ ಫ್ರಾಕಿನ ಮೇಲಿನ ಹಣ್ಣಿನ ಕಲೆಯನ್ನು ಎರಡೂ ಕೈಯಲ್ಲಿ ಹಿಡಿದು ತೋರಿಸಿದಳು. "ಇದು ಹೋಗುತ್ತಾ?"

"ಹೋಗುತ್ತೆ ಪುಟ್ಟಿ. ಬಿಸಿನೀರು ಮಾತ್ರ ಹಾಕಬಾರದು," ಎನ್ನುತ್ತ ದೊಡ್ಡಕ್ಕ ಅವಳನ್ನು ತೊಡೆಯ ಮೇಲೆ ಎತ್ತಿ ಕೂರಿಸಿಕೊಂಡಳು. ಮಗು ಭಾರವಾಗಿತ್ತು, ಬೆಚ್ಚಗಿತ್ತು, ಬಿಸ್ಕತ್ತಿನ ವಾಸನೆ ಬರುತ್ತಿತ್ತು. ಕ್ಷಣದಲ್ಲೇ ಬೇಸರವಾಗಿ ಕೆಳಗಿಳಿದು ಓಡಿತು.

ವಾಪಸು ಬರುವಾಗ ಲಾಂಡ್ರಿ ಹತ್ತಿರವಾದಾಗ ದೊಡ್ಡಕ್ಕ, "ಕ್ಯಾಪ್ಟನ್‌ಗೆ ನಾನೇ ಹೇಳ್ತೀನಿ. ನೀನು ಬರಬೇಡ. ನೀನು ಬಂದ್ರೆ ಮತ್ತೇನಾದ್ರೂ ಕೇಳ್ತೀಯ," ಎಂದಳು. ಚಿಕ್ಕಕ್ಕ ಅವಳ ಕೈ ಹಿಡಿದುಕೊಂಡಳು.

ಮರುದಿನ ದೊಡ್ಡಕ್ಕ ದಳದ ಶೆಡ್ಡಿಗೆ ಹೋದಳು. ಹೇಳಬೇಕೆಂದು ಜೋಡಿಸಿಕೊಂಡಿದ್ದ ಮಾತೆಲ್ಲ ಬಾಗಿಲಲ್ಲೇ ಮರೆತುಹೋಯಿತು. "ದೋಣಿ ಕೊಡಿಸಲ್ಲ ನಾನು," ಎಂದುಬಿಟ್ಟಳು. ಆಮೇಲೆ ಕೂತು, ಹಣ್ಣಿನ ಶೆಡ್ಡಿನ ಕಂಬ, ಹಗಲುಮನೆ, ಭಾನುವಾರ ಎಲ್ಲವನ್ನೂ ಹೇಳಿದಳು.

ಕ್ಯಾಪ್ಟನ್ ಅವಳ ಎದುರಿಗೆ ಕೂತ. "ದೋಣಿ ಬೇಡವಾಗಿತ್ತು ಅಂತ ಸುಳ್ಳು ಹೇಳಲ್ಲ ಅಮ್ಮ. ಬೇಕಿತ್ತು. ಆದ್ರೆ ಆ ಭಾನುವಾರದ ಹುಡುಗನ್ನ ತಂದಿದ್ದು ನಾನೇ." ಅವನು ಎದ್ದು ನಿಂತ. "ಅಂಥ ಫೋನು ಒಂದು ಕಡಿಮೆ ಬಂದ್ರೂ ಸಾಕು. ಕೊಡಿ ಅವರಿಗೇ. ಆ ದಂಡೆಗೆ ಬೇಲಿ ಬೇಕಾದ್ರೆ ನಮ್ಮ ಹುಡುಗರು ಹಾಕಿಕೊಡ್ತಾರೆ."

ಹೊರಗೆ ತಂತಿಯ ಮೇಲೆ ದಳದವರ ಬಟ್ಟೆಗಳು ಒಣಗುತ್ತಿದ್ದವು. ಒಗೆದಿದ್ದರೂ ಕೆಸರಿನ ಕಲೆ ಹಾಗೇ ಇತ್ತು. ದೊಡ್ಡಕ್ಕನಿಗೆ ನೋಡಿ ಸುಮ್ಮನಿರಲಾಗಲಿಲ್ಲ. ಎಲ್ಲವನ್ನೂ ಎಳೆದು ತೋಳಿಗೆ ಹಾಕಿಕೊಂಡಳು.

"ಇದ್ಯಾರು ಒಗೆದಿದ್ದು? ಒಗೆದಿದ್ದೋ, ನೀರು ತೋರಿಸಿದ್ದೋ? ಇನ್ಮೇಲೆ ನಿಮ್ಮ ಬಟ್ಟೆ ನನ್ನ ಪಾಲಿಗೆ. ಇದು ಉದ್ದಣ್ಣನ ದುಡ್ಡಲ್ಲ, ನಂದು. ಬೇಡ ಅಂದ್ರೆ ನಾನು ಇಲ್ಲಿಂದ ಕದಲಲ್ಲ."

ಹಣ ಹಗಲುಮನೆಗೆ ಹೋಯಿತು. ಒಮ್ಮೆಲೇ ಬೇಡ, ಕೆಲವು ವರ್ಷ ಸಂಬಳಕ್ಕೆ ತಪ್ಪದೆ ಬರುವಂತೆ ಕೊಡಿ ಎಂದು ದೊಡ್ಡಮ್ಮನೇ ಕೇಳಿಕೊಂಡರು. ಪ್ಯಾಕಿಂಗ್ ಶೆಡ್ಡಿನ ಪಕ್ಕದಲ್ಲೇ ಹೊಸ ಮನೆ ಸಿಕ್ಕಿತು. ಭಾನುವಾರವೂ ತೆರೆದಿರಬೇಕು ಎಂದಳು ದೊಡ್ಡಕ್ಕ. "ಮೊದಲು ಅಮ್ಮಂದಿರನ್ನ ಕೇಳೋಣ," ಎಂದರು ದೊಡ್ಡಮ್ಮ. ಕೇಳಿದಾಗ ಒಬ್ಬಳೂ ಬೇಡ ಅನ್ನಲಿಲ್ಲ. ಬಾಗಿಲ ಮೇಲೆ ಬೋರ್ಡು ಹಾಕಿಸೋಣವೇ ಎಂಬ ಮಾತು ಬಂದಾಗ ದೊಡ್ಡಕ್ಕ ಸ್ವಲ್ಪ ಯೋಚಿಸಿ, "ಆ ದುಡ್ಡಲ್ಲಿ ಇನ್ನೊಂದು ಚಾಪೆ ತಗೊಳ್ಳಿ," ಎಂದಳು.

ಮೊದಲ ಭಾನುವಾರ ಬೆಳಗಿನ ಶಿಫ್ಟಿಗೆ ಮುಂಚೆ ಅಕ್ಕಂದಿರಿಬ್ಬರೂ ಅಲ್ಲಿದ್ದರು. ಕ್ಯಾಪ್ಟನ್ನಿನ ಹುಡುಗರು ಹಾಕಿದ ಬೇಲಿಯ ಬಣ್ಣ ಇನ್ನೂ ಹಸಿಯಾಗಿತ್ತು. ಒಬ್ಬೊಬ್ಬರಾಗಿ ತಾಯಂದಿರು ಬಂದರು. ಎಂದೂ ಮಕ್ಕಳನ್ನು ಬಿಟ್ಟು ಹೋಗಿ ಗೊತ್ತಿಲ್ಲದವರು, ಹೊಸಿಲಲ್ಲಿ ನಿಂತು ಅದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು: ಹಾಲು ಬಿಸಿ ಇರಬಾರದು, ಮಲಗುವಾಗ ಕಿವಿ ಸವರಬೇಕು. ಹೊಸದಾಗಿ ಸೇರಿದ್ದ ಆಯಾ ತಲೆಯಾಡಿಸಿ ಆಡಿಸಿ ಸೋತಳು. ಕೋಣೆ ತುಂಬ ಅಳು.

"ಮೊದಲ ದಿನ ಏನು ಕೆಟ್ಟಿತು ಅಂತ ಕೇಳಲ್ವಾ?" ಎಂದರು ದೊಡ್ಡಮ್ಮ ಚಿಕ್ಕಕ್ಕನಿಗೆ. "ನಾನೇ ಹೇಳ್ತೀನಿ. ಒಲೆ ಹತ್ತುತ್ತಿಲ್ಲ."

ಚಿಕ್ಕಕ್ಕ ತೋಳೇರಿಸಿ ಅಡುಗೆಮನೆಗೆ ನಡೆದಳು.

ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದ ಗಂಡುಮಗುವನ್ನು ದೊಡ್ಡಕ್ಕ ಹೆಗಲಿಗೆ ಹಾಕಿಕೊಂಡು ಕಿಟಕಿಯ ಬಳಿ ಅತ್ತಿಂದಿತ್ತ ನಡೆದಳು. ಹೊರಗೆ ಅದರ ತಾಯಿ ಶೆಡ್ಡಿನ ಕಡೆ ಹೋಗುತ್ತಿದ್ದವಳು ನಿಂತು ತಿರುಗಿ ನೋಡಿದಳು. ದೊಡ್ಡಕ್ಕ ಕಿಟಕಿಯಿಂದ ಕೈ ಬೀಸಿ, ಹೋಗು ಹೋಗು ಎಂದಳು. ಮಗುವಿನ ಬಿಕ್ಕು ನಿಧಾನವಾಗಿ ಅವಳ ಹೆಗಲ ಮೇಲೆ ಅಡಗಿತು. ಆ ತಾಯಿ ಸೆರಗಿನಲ್ಲಿ ಮುಖ ಒರೆಸಿಕೊಂಡು, ಬರಿಗೈಗಳನ್ನು ಬೀಸುತ್ತ ಹೆಜ್ಜೆ ಹಾಕಿದಳು. ಮತ್ತೆ ತಿರುಗಿ ನೋಡಲಿಲ್ಲ.